ಪೆಟ್ರೋಲಿನಲ್ಲಿ ಮುಳುಗಿದ ಎಂಜಿನು

ಇಂಧನ ಹೆಚ್ಚಿದಷ್ಟೂ ಉರಿ ಹೆಚ್ಚಬೇಕೆಂದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಒಲೆಗೆ ಒಮ್ಮೆಲೇ ಸೌದೆಯನ್ನು ತುರುಕಿದರೆ ಬೆಂಕಿಯು ಹೊಗೆಯಾಡಿ ನಂದಿಹೋಗುವುದನ್ನು ಯಾರು ಕಂಡಿಲ್ಲ? ಮೋಟಾರು ಕಾರಿನ ಎಂಜಿನಿಗೂ ಇದೇ ಗತಿ ಒದಗುವುದುಂಟು. ಪೆಟ್ರೋಲು ಮಿತಿಮೀರಿ ಒಳಹೊಕ್ಕು ಎಂಜಿನು ಹೊತ್ತಿಕೊಳ್ಳದಿದ್ದರೆ, 'ಓವರ್‌ಫ್ಲೋ ಆಗಿದೆ' ಎಂದು ಮೆಕ್ಯಾನಿಕ್ಕುಗಳು ಹೇಳುತ್ತಾರೆ.

ಎಷ್ಟು ಪೆಟ್ರೋಲು ಮಿತಿಮೀರಿದಂತೆ? ಸ್ವಲ್ಪ ಲೆಕ್ಕ ಹಾಕೋಣ. 1 ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ, ಎಂದರೆ ಸುಮಾರು 12 ಲೀಟರು ಗಾಳಿ ಬೇಕು. 0.05 ಮಿಲಿಲೀಟರಿನ ಒಂದು ತೊಟ್ಟು ಪೆಟ್ರೋಲಿನ ತೂಕ ಸುಮಾರು 0.037 ಗ್ರಾಂ, ಅದಕ್ಕೆ ಬೇಕಾದ ಗಾಳಿ ಸುಮಾರು 450 ಮಿಲಿಲೀಟರು. ನಾಲ್ಕು ಸಿಲಿಂಡರುಗಳ 1200 ಸಿಸಿ ಎಂಜಿನಿನ ಒಂದು ಸಿಲಿಂಡರು ಒಮ್ಮೆಗೆ ಹೆಚ್ಚೆಂದರೆ 300 ಮಿಲಿಲೀಟರು ಗಾಳಿಯನ್ನು ಸೆಳೆಯಬಲ್ಲುದು. ಆದುದರಿಂದ ಒಂದೇ ಒಂದು ತೊಟ್ಟು ಕೂಡ ಅದಕ್ಕೆ ಅತಿಯಾಯಿತು! ಮೇಲಾಗಿ, ಒದ್ದೆಯಾದ ಸ್ಪಾರ್ಕ್ ಪ್ಲಗ್ಗಿನಲ್ಲಿ ವಿದ್ಯುತ್ತು ಎಡೆಯನ್ನು ಹಾರಿ ಕಿಡಿಯಾಗುವ ಬದಲು ಪಿಂಗಾಣಿಯ ಮೇಲಣ ಮಸಿಯ ಮೂಲಕ ಜಾರಿಹೋಗುತ್ತದೆ.

ಈ ತೊಟ್ಟು ಬರುವುದಾದರೂ ಎಲ್ಲಿಂದ? ಹಿಂದೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕೆಲಸ ಕಾರ್ಬುರೇಟರಿನದಾಗಿತ್ತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಜೆಕ್ಷನ್ ವ್ಯವಸ್ಥೆ ಬಳಕೆಗೆ ಬಂದಿತು. ಇಂದಿನ ಸಾಮಾನ್ಯ ಇಂಜೆಕ್ಟರಿನ ಹಿಂದೆ ಪೆಟ್ರೋಲು ವಾಯುಭಾರದ ಮೂರು ನಾಲ್ಕು ಪಟ್ಟು ಒತ್ತಡದಲ್ಲಿರುತ್ತದೆ. ವಿದ್ಯುತ್ಕಾಂತವು ಒಳಗಿನ ಪುಟ್ಟ ಕವಾಟವನ್ನು ಕೆಲವೇ ಮಿಲಿಸೆಕೆಂಡುಗಳ ಕಾಲ ಎತ್ತಿದಾಗ ಪೆಟ್ರೋಲು ತುಂತುರಾಗಿ ಹೊಮ್ಮುತ್ತದೆ. ಕವಾಟದ ಪೀಠದಲ್ಲಿ ಜಿಡ್ಡು ಕಟ್ಟಿದರೆ ಅಥವಾ ಪೀಠ ಸವೆದರೆ ಅದು ಬಿಗಿಯಾಗಿ ಮುಚ್ಚುವುದಿಲ್ಲ. ಎಂಜಿನು ನಿಂತ ಬಳಿಕವೂ ಉಳಿದ ಒತ್ತಡದಿಂದ ಪೆಟ್ರೋಲು ತೊಟ್ಟಿಕ್ಕುತ್ತದೆ. ಅನಂತರ ಎಂಜಿನು ಬಹಳ ಹೊತ್ತು ತಿರುಗಿಸಿದ ಮೇಲೆ, ಕಪ್ಪು ಹೊಗೆಯೊಡನೆ ಹೊತ್ತಿಕೊಳ್ಳುತ್ತದೆ.

ಆದರೂ ಕೂಡಲೆ ಇಂಜೆಕ್ಟರಿನ ಮೇಲೆ ತಪ್ಪು ಹೊರಿಸಲಾಗದು. ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ನೋಡಬೇಕು. ಎಲ್ಲವೂ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ, ರೋಗವೇ ಬೇರೆ. ಎಲ್ಲವೂ ಒದ್ದೆಯಾಗಿದ್ದರೆ ಎಲ್ಲಕ್ಕೂ ಸಮಾನವಾದ ಕಾರಣವನ್ನು ಹುಡುಕಬೇಕು: ಕಿಡಿ ಕ್ಷೀಣವಾಗಿರಬಹುದು, ಅಥವಾ ಶಾಖವನ್ನಳೆಯುವ ಸೆನ್ಸರು ಕೆಟ್ಟು, ಬಿಸಿಯಾದ ಎಂಜಿನನ್ನು ತಣ್ಣಗಿದೆಯೆಂದು ವರದಿಮಾಡಿ ಹೆಚ್ಚು ಪೆಟ್ರೋಲನ್ನು ತರಿಸುತ್ತಿರಬಹುದು. ಒಂದೇ ಪ್ಲಗ್ಗು ಒದ್ದೆಯಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರನ್ನು ಪಕ್ಕದ್ದರೊಡನೆ ಅದಲುಬದಲು ಮಾಡಬಹುದು. ಒದ್ದೆತನವು ಇಂಜೆಕ್ಟರನ್ನು ಹಿಂಬಾಲಿಸಿದರೆ ದೋಷ ಅದರದೇ. ಹಳೆಯ ಸಿಲಿಂಡರಿನಲ್ಲಿಯೇ ಉಳಿದರೆ ಅಲ್ಲಿನ ಕಿಡಿಯನ್ನು ಪರೀಕ್ಷಿಸಬೇಕು.

ಒತ್ತಡಮಾಪಕವು ಇನ್ನೊಂದು ಸಾಕ್ಷಿ. ಪಂಪನ್ನು ನಿಲ್ಲಿಸಿದೊಡನೆ ಮುಳ್ಳು ಇಳಿಯತೊಡಗಿದರೆ ಪೆಟ್ರೋಲು ಎಲ್ಲಿಯೋ ಜಾರುತ್ತಿದೆ. ಹೊರಗಿನ ಕೊಳವೆಗಳಲ್ಲಿ ಸೋರಿಕೆಯಿಲ್ಲದಿದ್ದರೆ ಉಳಿದ ದಾರಿಗಳು ಮೂರು: ಪಂಪಿನ ಹಿಮ್ಮರಳುತಡೆ ಕವಾಟ, ಒತ್ತಡ ನಿಯಂತ್ರಕ, ಇಂಜೆಕ್ಟರುಗಳು. ಮೊದಲೆರಡು ದಾರಿಗಳನ್ನು ಒಂದೊಂದಾಗಿ ಮುಚ್ಚಿದ ಮೇಲೂ ಮುಳ್ಳು ಇಳಿದರೆ ಮಾತ್ರ ಇಂಜೆಕ್ಟರು ಅಪರಾಧಿ. ಈ ಪರೀಕ್ಷೆಗಳನ್ನು ತಣಿದ ಎಂಜಿನಿನ ಮೇಲೆ, ಕಿಡಿ ಬೆಂಕಿಗಳಿಂದ ದೂರದಲ್ಲಿ, ನುರಿತವರೇ ಮಾಡತಕ್ಕದ್ದು. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲು ಚಿಮ್ಮಿಸುವ ಎಂಜಿನುಗಳಲ್ಲಿ ಒತ್ತಡವು ನೂರಾರು ಪಟ್ಟು ಇರುವುದರಿಂದ ಅವುಗಳ ಕೊಳವೆಗಳನ್ನು ಬಿಚ್ಚುವ ಸಾಹಸ ಕೂಡದು.

ತಾತ್ಕಾಲಿಕ ಪರಿಹಾರವೊಂದುಂಟು. ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಎಂಜಿನನ್ನು ಐದಾರು ಸೆಕೆಂಡು ತಿರುಗಿಸಿದರೆ ಅನೇಕ ಕಾರುಗಳಲ್ಲಿ ಕಂಪ್ಯೂಟರು ಪೆಟ್ರೋಲನ್ನು ತಡೆಹಿಡಿಯುತ್ತದೆ. ಒಳನುಗ್ಗುವ ಗಾಳಿಯು ತೇವವನ್ನು ಹೊರದೂಡುತ್ತದೆ. ಆದರೆ ಸಿಲಿಂಡರಿನಲ್ಲಿ ದ್ರವವೇ ತುಂಬಿದ್ದರೆ ಈ ಉಪಾಯವು ಅಪಾಯಕಾರಿ. ದ್ರವವು ಗಾಳಿಯಂತೆ ಕುಗ್ಗದು. ಪಿಸ್ಟನ್ನು ಅದಕ್ಕೆ ಒತ್ತರಿಸಿದಾಗ ಕನೆಕ್ಟಿಂಗ್ ರಾಡು ಬಾಗಿಹೋದೀತು. ಆದುದರಿಂದ ಎಂಜಿನು ತಿರುಗದೆ ತಡೆದು ನಿಂತರೆ ಬಲವಂತ ಮಾಡದೆ ಪ್ಲಗ್ಗುಗಳನ್ನು ಕಳಚಬೇಕು.

ಎಂಜಿನು ಹೊತ್ತಿಕೊಂಡ ಮಾತ್ರಕ್ಕೆ ಚಿಕಿತ್ಸೆ ಮುಗಿಯಲಿಲ್ಲ. ಸಿಲಿಂಡರಿನಿಂದ ಕೆಳಗಿಳಿದ ಪೆಟ್ರೋಲು ಎಂಜಿನ್ ಎಣ್ಣೆಯನ್ನು ತೆಳುವಾಗಿಸಿ ಬೇರಿಂಗುಗಳನ್ನು ಸವೆಯಿಸುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿ, ಪೆಟ್ರೋಲಿನ ವಾಸನೆ ಬಂದರೆ, ಸೋರಿಕೆಯನ್ನು ನಿಲ್ಲಿಸಿ ಎಣ್ಣೆಯನ್ನು ಬದಲಿಸಿದ ಮೇಲೆಯೇ ಕಾರನ್ನು ಓಡಿಸಬೇಕು.