ಕೋಷ್ಟಕದ ಪೂರ್ಣ ಹೆಸರು

ನಮ್ಮ ಊರಿನ ಸಂತೆಯಲ್ಲಿ "ರಾಮಣ್ಣಾ" ಎಂದು ಕೂಗಿದರೆ ನಾಲ್ವರು ತಿರುಗಿ ನೋಡುತ್ತಾರೆ. ಕೂಗಿದವನಿಗೆ ಮುಖ ಕಾಣುವುದರಿಂದ ತೊಂದರೆಯಿಲ್ಲ. ಕಾಗದ ಬರೆಯುವಾಗ ಮಾತ್ರ "ಕೆರೆಕೋಡಿ ರಾಮಣ್ಣ" ಎಂದೇ ಬರೆಯಬೇಕು. ಅಂಚೆಯವನು ನಮ್ಮ ಮನಸ್ಸನ್ನು ಓದಲಾರ. ಗಣಕಯಂತ್ರಕ್ಕೆ ಬರೆದಿಡುವ ಸ್ಕ್ರಿಪ್ಟೂ ಇಂಥದೊಂದು ಕಾಗದವೇ ಎಂಬುದನ್ನು ಕಳೆದ ಬೇಸಗೆಯ ರಜದಲ್ಲಿ ಪೆಟ್ಟು ತಿಂದು ಕಲಿತೆ.

ಒಂದು ಕಚೇರಿಯಲ್ಲಿ ಅರ್ಜಿಗಳನ್ನು ಡೇಟಾಬೇಸಿಗೆ ಏರಿಸುವ ಕೆಲಸ ನನ್ನದು. ಅಲ್ಲಿದ್ದುದು ಪೋಸ್ಟ್‌ಗ್ರೆಸ್. ಅದರಲ್ಲಿ ಕೋಷ್ಟಕಗಳು 'ಸ್ಕೀಮಾ' ಎಂಬ ಕೋಣೆಗಳಲ್ಲಿರುತ್ತವೆ. ಒಂದೇ ಹೆಸರಿನ ಕೋಷ್ಟಕ ಎರಡು ಕೋಣೆಗಳಲ್ಲಿರಲು ಅಡ್ಡಿಯಿಲ್ಲ. 'ಅರ್ಜಿ' ಎಂಬ ಕೋಷ್ಟಕವೂ ಹಾಗೆಯೇ ಇತ್ತು: 'ಪಬ್ಲಿಕ್' ಕೋಣೆಯಲ್ಲಿ ನಿಜವಾದದ್ದು, 'ಪ್ರಯೋಗ' ಕೋಣೆಯಲ್ಲಿ ಅದರ ನಕಲು. ನಕಲನ್ನು ಪ್ರತಿರಾತ್ರಿ ಬರಿದು ಮಾಡಲೆಂದು ಪುಟ್ಟ ಸ್ಕ್ರಿಪ್ಟೊಂದನ್ನು ಬರೆದೆ. ಹಗಲು ನಾನೇ ನಡೆಸಿದಾಗ ಸರಿಯಾಗಿಯೇ ಇತ್ತು. ರಾತ್ರಿ ಅದು ತಾನಾಗಿ ನಡೆದಾಗ ನಿಜವಾದ ಅರ್ಜಿಗಳೆಲ್ಲ ಮಾಯ! ಹಿಂದಿನ ರಾತ್ರಿ ತೆಗೆದಿಟ್ಟ ಪ್ರತಿಯೊಂದಿದ್ದುದರಿಂದ ಮಾನ ಉಳಿಯಿತು. ಆ ಒಂದು ದಿನದ ಅರ್ಜಿಗಳನ್ನು ಮಾತ್ರ ಕಡತದಿಂದ ತೆಗೆದು ಮತ್ತೆ ಏರಿಸಬೇಕಾಯಿತು.

ಕಾರಣ ಇಷ್ಟೆ. ಬರಿಯ ಹೆಸರು ಕೊಟ್ಟರೆ ಪೋಸ್ಟ್‌ಗ್ರೆಸ್ 'ಸರ್ಚ್ ಪಾತ್' ಎಂಬ ಪಟ್ಟಿಯಲ್ಲಿರುವ ಕೋಣೆಗಳನ್ನು ಕ್ರಮವಾಗಿ ಹುಡುಕುತ್ತ ಹೋಗಿ, ಆ ಹೆಸರಿನದು ಮೊದಲು ಎಲ್ಲಿ ಸಿಕ್ಕೀತೋ ಅದನ್ನೇ ಹಿಡಿಯುತ್ತದೆ. ಈ ಪಟ್ಟಿ ಬಳಕೆದಾರನಿಂದ ಬಳಕೆದಾರನಿಗೆ ಬೇರೆಯಾಗಬಹುದು. ನನ್ನ ಪಟ್ಟಿಯಲ್ಲಿ 'ಪ್ರಯೋಗ' ಮೊದಲಿತ್ತು. ರಾತ್ರಿ ಸ್ಕ್ರಿಪ್ಟನ್ನು ನಡೆಸುವ ಬಳಕೆದಾರನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಯಂತ್ರದ ತಪ್ಪು ಎಳ್ಳಷ್ಟೂ ಇಲ್ಲ.

ಆದ್ದರಿಂದ ಕೋಣೆಯ ಹೆಸರು, ಒಂದು ಚುಕ್ಕೆ, ಬಳಿಕ ಕೋಷ್ಟಕದ ಹೆಸರು—'ಪ್ರಯೋಗ.ಅರ್ಜಿ'—ಎಂದು ಬರೆಯಬೇಕು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನಲ್ಲಿ ಸರ್ವರ್, ಡೇಟಾಬೇಸ್, ಸ್ಕೀಮಾ, ಕೋಷ್ಟಕ ಎಂದು ನಾಲ್ಕು ಭಾಗಗಳವರೆಗೂ ಹೆಸರನ್ನು ಬೆಳೆಸಬಹುದು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಗೊಂದಲ ಬೇರೆ: ಉದ್ಧರಣ ಚಿಹ್ನೆಯಿಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೂ ಒರಾಕಲ್ ದೊಡ್ಡಕ್ಷರಕ್ಕೂ ತಿರುಗಿಸಿಕೊಳ್ಳುತ್ತವೆ.

ಇನ್ನೊಂದು ಉಪಾಯವುಂಟು. ಸ್ಕ್ರಿಪ್ಟಿನ ಆರಂಭದಲ್ಲೇ ಆ ಪಟ್ಟಿಯನ್ನು ಬರಿದು ಮಾಡಿಬಿಡುವುದು. ಆಗ ಕೋಣೆಯ ಹೆಸರು ಬರೆಯಲು ಮರೆತರೆ, ಇಂಥ ಕೋಷ್ಟಕವಿಲ್ಲವೆಂದು ಯಂತ್ರ ತಕರಾರು ಮಾಡಿ ನಿಲ್ಲುತ್ತದೆ. ತಪ್ಪು ಕೋಷ್ಟಕವನ್ನು ಮೌನವಾಗಿ ಬರಿದು ಮಾಡುವುದಕ್ಕಿಂತ ಈ ತಕರಾರೇ ನನಗೆ ಹಿತ. ಪೋಸ್ಟ್‌ಗ್ರೆಸ್ಸಿನ ಪ್ರತಿ ತೆಗೆಯುವ ಸಾಧನವಾದ ಪಿಜಿ-ಡಂಪ್ ಸಹ 2018ರಿಂದ ಇದೇ ಕ್ರಮವನ್ನು ಅನುಸರಿಸುತ್ತಿದೆ.

ಇಷ್ಟಾದರೂ ಸ್ಕ್ರಿಪ್ಟು ಸೇರಿಕೊಂಡಿರುವುದು ಯಾವ ಡೇಟಾಬೇಸಿಗೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅದನ್ನು ಮೊದಲು ಕೇಳಿ, ಉತ್ತರ ಹೊಂದದಿದ್ದರೆ ಅಲ್ಲಿಗೇ ನಿಲ್ಲುವಂತೆ ನನ್ನ ಸ್ಕ್ರಿಪ್ಟಿಗೆ ಇನ್ನೆರಡು ಸಾಲು ಸೇರಿಸಿದ್ದೇನೆ.