ಇಂದಿನ ಧಮ್ಮ ಚಿಂತನೆ: ನುಂಗಲಾಗದ ದಿನಗಳ ಊಟ, ಮಾತ್ರೆ



ನಮ್ಮ ಬಳಗದ ಅಕ್ಕ ಒಬ್ಬರಿಗೆ ಬಾಯಿಯ ಕ್ಯಾನ್ಸರ್‌ಗೆ ಕೊಡುತ್ತಿದ್ದ ರೇಡಿಯೇಷನ್ ಮುಗಿದು ಎರಡು ವಾರವಾಯಿತು. ಬರುವ ಹುಣ್ಣಿಮೆಗೆ ಎಂದಿನಂತೆ ಅಷ್ಟಶೀಲ ತೆಗೆದುಕೊಳ್ಳುತ್ತೇನೆ, ಮಧ್ಯಾಹ್ನ ಕಳೆದ ಮೇಲೆ ಏನೂ ಮುಟ್ಟುವುದಿಲ್ಲ ಎಂದು ಫೋನಿನಲ್ಲಿ ಹೇಳಿದರು. "ಹೇಗೂ ನುಂಗೋಕೆ ಆಗ್ತಿಲ್ಲ, ಶೀಲನಾದ್ರೂ ಉಳೀಲಿ" ಎಂಬುದು ಅವರ ಮಾತು. ಹೆಸರು ಹಾಕದೆ ಇದನ್ನು ಎಲ್ಲರಿಗೂ ಬರೆಯಲು ಅವರೇ ಒಪ್ಪಿದ್ದಾರೆ.

ವಿನಯಪಿಟಕದ ಮಹಾವಗ್ಗದಲ್ಲಿ ಔಷಧಿಗಳಿಗೆಂದೇ ಒಂದು ಅಧ್ಯಾಯವಿದೆ, ಭೇಸಜ್ಜಕ್ಖಂಧಕ. ಅದು ಶುರುವಾಗುವುದೇ ಊಟ ಸೇರದ ರೋಗಿಗಳಿಂದ. ಬುದ್ಧರು ಸಾವತ್ಥಿಯಲ್ಲಿದ್ದಾಗ ಶರದೃತುವಿನ ಕಾಯಿಲೆ ಭಿಕ್ಖುಗಳಿಗೆ ತಗುಲಿತು. ಕುಡಿದ ಗಂಜಿಯೂ ನಿಲ್ಲಲಿಲ್ಲ, ಉಂಡ ಅನ್ನವೂ ನಿಲ್ಲಲಿಲ್ಲ. ಮೈ ಬಿಳಿಚಿಕೊಂಡು, ನರಗಳು ಎದ್ದು ಕಾಣುವಷ್ಟು ಸೊರಗಿದರು. ಬುದ್ಧರು ಆನಂದರನ್ನು ಕರೆದು ಕಾರಣ ಕೇಳಿದರು. ಔಷಧಿಯೂ ಆಗಬೇಕು, ಮೈಗೆ ಬಲವೂ ಬರಬೇಕು, ಆದರೆ ಅದು ಗಟ್ಟಿ ಊಟ ಎನಿಸಬಾರದು, ಅಂಥದ್ದು ಯಾವುದಿದೆ ಎಂದು ಯೋಚಿಸಿ ಐದನ್ನು ಒಪ್ಪಿದರು: ತುಪ್ಪ, ಬೆಣ್ಣೆ, ಎಣ್ಣೆ, ಜೇನುತುಪ್ಪ, ಕಬ್ಬಿನ ಬೆಲ್ಲ. ಮೊದಲು ಮಧ್ಯಾಹ್ನದೊಳಗೆ ಮಾತ್ರ ಎಂದಿತ್ತು. ರೋಗಿಗಳು ಇನ್ನೂ ಇಳಿದುಹೋದರು. ಆಗ ಹೊತ್ತು ಮೀರಿದ ಮೇಲೂ ತೆಗೆದುಕೊಳ್ಳಬಹುದು ಎಂದರು.

ಒಂದೇ ಕಥೆಯಲ್ಲಿ ಎರಡು ಸಲ ನಿಯಮ ಬದಲಾಗಿದೆ. ಎರಡು ಸಲವೂ ಬುದ್ಧರು ನೋಡಿದ್ದು ರೋಗಿಯ ಮೈಯನ್ನು.

ಗಂಜಿ ಆ ಐದರಲ್ಲಿ ಇಲ್ಲವಲ್ಲ ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ. ಇಲ್ಲ, ನಿಜ. ಹಾಗಿದ್ದರೆ ಅಕ್ಕ ಆ ದಿನ ಪಂಚಶೀಲ ತೆಗೆದುಕೊಂಡು ರಾತ್ರಿ ಗಂಜಿ ಕುಡಿಯಲಿ. ಅಷ್ಟಶೀಲ ಗೃಹಸ್ಥರು ತಾವಾಗಿ ಒಪ್ಪಿಕೊಳ್ಳುವ ವ್ರತ. ಮೈ ಗಟ್ಟಿಯಾದ ಮೇಲೆ ಎಷ್ಟೋ ಹುಣ್ಣಿಮೆಗಳು ಬರುತ್ತವೆ.

ಚಿಕಿತ್ಸೆ ಮುಗಿಯಿತು, ಇನ್ನು ಚೆನ್ನಾಗಿ ಉಣ್ಣಬೇಕು ಎಂದು ಮನೆಯವರು ಅಂದುಕೊಳ್ಳುವುದು ಸಹಜ. ಆದರೆ ರೇಡಿಯೇಷನ್ನಿನ ಪರಿಣಾಮ ಕೊನೆಯ ದಿನಕ್ಕೆ ನಿಲ್ಲುವುದಿಲ್ಲ. ಬಾಯಿ, ಗಂಟಲಿನ ಹುಣ್ಣು ಆಮೇಲೂ ಒಂದೆರಡು ವಾರ ಹೆಚ್ಚುವುದುಂಟು. ನಂತರ ನಿಧಾನವಾಗಿ ಮಾಯುತ್ತದೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುವುದು, ರುಚಿ ಕೆಡುವುದು ತಿಂಗಳುಗಟ್ಟಲೆ ಇರಬಹುದು. ಅನ್ನ ಮಣ್ಣಿನಂತಿದೆ ಎಂದು ರೋಗಿ ಹೇಳಿದರೆ ಅದು ಹಟವಲ್ಲ.

ರುಚಿಯೇ ಇಲ್ಲದಾಗ ಯಾವ ಆಸೆಗೆ ಉಣ್ಣುವುದು? ಸಂಯುತ್ತ ನಿಕಾಯದಲ್ಲಿ ಊಟಕ್ಕೆ ಎರಡು ಹೋಲಿಕೆಗಳಿವೆ. ಗಾಯಕ್ಕೆ ಮದ್ದು ಹಚ್ಚುವುದು ಅದು ಮಾಯಲೆಂದು. ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದು ಹೊರೆ ಸಾಗಲೆಂದು. ಎರಡನೆಯದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ, ಕೀಲೆಣ್ಣೆ. ಕೀಲೆಣ್ಣೆಯ ರುಚಿ ಯಾರೂ ನೋಡುವುದಿಲ್ಲ, ಹಾಗೆಂದು ಹಾಕದೆ ಗಾಡಿ ಹೂಡುವುದೂ ಇಲ್ಲ. ಸ್ವಲ್ಪ ಸ್ವಲ್ಪ, ಹೊತ್ತು ಹೊತ್ತಿಗೆ. ಅಕ್ಕನಿಗೆ ನಾನು ಹೇಳಿದ್ದೂ ಅಷ್ಟೇ: ನಾಲಿಗೆಯನ್ನು ಕೇಳಬೇಡಿ, ಗಡಿಯಾರ ನೋಡಿ. ದಿನಕ್ಕೆ ಮೂರು ತಟ್ಟೆ ಊಟದ ಬದಲು ಆರೇಳು ಸಲ ಅರ್ಧರ್ಧ ಬಟ್ಟಲು. ಆಹಾರದಲ್ಲಿ ಅಸಹ್ಯವನ್ನು ಕಾಣುವ ಧ್ಯಾನ ಅಭ್ಯಾಸ ಮಾಡುತ್ತಿದ್ದವರು ಈಗ ಅದನ್ನು ಬದಿಗಿಡಲಿ. ಅದು ಊಟದ ಆಸೆ ಹೆಚ್ಚಿರುವವರಿಗೆ ಹೇಳಿದ್ದು.

ರಾಗಿ ಗಂಜಿ, ಮೆತ್ತಗೆ ಬೇಯಿಸಿ ಕಿವುಚಿದ ಅನ್ನ ತೊವ್ವೆ, ಹೆಸರುಬೇಳೆ ಪಾಯಸ, ಹುಳಿಯಿಲ್ಲದ ಮೊಸರು, ತಿನ್ನುವವರಿಗೆ ಮೆತ್ತನೆಯ ಮೊಟ್ಟೆ. ಮೇಲೆ ತುಪ್ಪ ಬೆಣ್ಣೆ ಧಾರಾಳವಾಗಿ ಬೀಳಲಿ, ಕಡಿಮೆ ತುತ್ತಿನಲ್ಲಿ ಹೆಚ್ಚು ಶಕ್ತಿ ಸೇರುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲ, ಜೇನನ್ನು ಡಾಕ್ಟರನ್ನು ಕೇಳದೆ ಸೇರಿಸಬಾರದು. ಹುಣಿಸೆ, ನಿಂಬೆ, ಖಾರ, ಬಿಸಿಬಿಸಿ ಬೇಡ. 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಿ ಉಗಿಯಬೇಕು. ನೋವಿನ ಮದ್ದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ, ಆಗ ತುತ್ತು ಇಳಿಯುವುದು ಸುಲಭ.

ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ, ಉಂಡ ಮೇಲೆ ದನಿ ಗೊರಗೊರ ಎಂದರೆ, ಆಹಾರ ಶ್ವಾಸನಾಳಕ್ಕೆ ಜಾರುತ್ತಿರಬಹುದು. ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು. ಅಂಥವರಿಗೆ ತೆಳುವಾದ ನೀರಿಗಿಂತ ಮಂದ ಗಂಜಿಯೇ ಸಲೀಸಾಗಬಹುದು. ಇದನ್ನು ನೋಡಿ ಹೇಳುವವರು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರೇ ನುಂಗುವುದನ್ನೂ ಕಲಿಸುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತರಬೇತಾಗುವುದು ಇಂಥವರೇ. ಮೂಗಿಗೆ ಪೈಪ್ ಹಾಕಿದ್ದರೂ ಅವರು ಹೇಳಿಕೊಟ್ಟ ವ್ಯಾಯಾಮ ಬಿಡಬಾರದು, ಕೆಲಸವಿಲ್ಲದ ಗಂಟಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ.

ಇನ್ನು ಮಾತ್ರೆ. ಪುಡಿ ಮಾಡಿ ಕೊಡೋಣ ಎಂದು ಮೊದಲು ಹೊಳೆಯುತ್ತದೆ. ಕೇಳದೆ ಮಾಡಬೇಡಿ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿರುವ ಮಾತ್ರೆ ಗಂಟೆಗಟ್ಟಲೆ ನಿಧಾನ ಕರಗಬೇಕಾದದ್ದು. ಪುಡಿ ಮಾಡಿದರೆ ಇಡೀ ದಿನದ ಮದ್ದು ಒಟ್ಟಿಗೆ ರಕ್ತಕ್ಕೆ ಸೇರುತ್ತದೆ. ಕೀಮೋ ಮಾತ್ರೆಯನ್ನಂತೂ ಮನೆಯಲ್ಲಿ ಕುಟ್ಟಲೇಬಾರದು, ಅದರ ಪುಡಿ ಕುಟ್ಟುವವರಿಗೂ ಅಪಾಯ. ಎಷ್ಟೋ ಔಷಧಿಗಳು ಸಿರಪ್ಪಾಗಿ, ನೀರಿನಲ್ಲಿ ಕರಗುವ ಮಾತ್ರೆಯಾಗಿ ಸಿಗುತ್ತವೆ, ಬರೆದುಕೊಡಿ ಎಂದು ಕೇಳಬೇಕು. ಮೊಸರಿನ ಚಮಚದಲ್ಲಿಟ್ಟು ನುಂಗುವುದು ಕೆಲವರಿಗೆ ಅನುಕೂಲ, ಆದರೆ ಕೆಲವು ಆಂಟಿಬಯಾಟಿಕ್‌ಗಳು ಹಾಲು ಮೊಸರಿನ ಜೊತೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನೆಟ್ಟಗೆ ಕೂತು, ಮೊದಲು ಒಂದು ಗುಟುಕು ನೀರಿನಿಂದ ಗಂಟಲು ತೇವ ಮಾಡಿಕೊಂಡು ನುಂಗಬೇಕು, ಅರ್ಧ ಗಂಟೆ ಮಲಗಬಾರದು. ದನಕ್ಕೆ ಗೊಟ್ಟ ಎತ್ತಿದ ಹಾಗೆ ರೋಗಿಯ ತಲೆ ಹಿಂದಕ್ಕೆ ಬಗ್ಗಿಸಿ ನೀರು ಸುರಿಯುವುದು ಬೇಡವೇ ಬೇಡ.

ಅಕ್ಕ ಕೊನೆಗೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ನಾಲ್ಕು ದಿನದಿಂದ ಎರಡು ಮಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದಾರೆ. ಮಗ ಕೇಳಿದರೆ "ತಗೊಂಡೆ ಕಣಪ್ಪ". ಮಗನಿಗೆ ನೋವಾಗಬಾರದು ಎಂಬ ಪ್ರೀತಿ ಅದು, ಬೈಯುವ ವಿಷಯವಲ್ಲ. ಆದರೆ ಮದ್ದು ಹತ್ತುತ್ತಿಲ್ಲವೆಂದು ಡಾಕ್ಟರು ಡೋಸ್ ಹೆಚ್ಚಿಸಿದರೆ? ಮಹಾವಗ್ಗದಲ್ಲೇ ಮುಂದೆ, ಆರೈಕೆ ಮಾಡಲು ಸುಲಭನಾದ ರೋಗಿಯ ಐದು ಗುಣಗಳು ಬರುತ್ತವೆ. ಮದ್ದು ತೆಗೆದುಕೊಳ್ಳುವುದು ಒಂದು. ಕಾಯಿಲೆಯನ್ನು ಇದ್ದಂತೆ ಹೇಳುವುದು ಇನ್ನೊಂದು: ಹೆಚ್ಚಿದ್ದರೆ ಹೆಚ್ಚಿದೆ, ಇಳಿದಿದ್ದರೆ ಇಳಿದಿದೆ, ಹಾಗೇ ಇದ್ದರೆ ಹಾಗೇ ಇದೆ ಎಂದು. ನೋವು ಸಹಿಸುವ ಗುಣವೂ ಆ ಪಟ್ಟಿಯಲ್ಲಿದೆ, ಆದರೆ ಸಹಿಸುವುದು ಬೇರೆ, ಮುಚ್ಚಿಡುವುದು ಬೇರೆ. ನಮ್ಮ ಹೆಣ್ಣುಮಕ್ಕಳು ಇವೆರಡನ್ನೂ ಒಂದೇ ಎಂದು ಕಲಿತು ಬಂದವರು. ನುಂಗಿದ್ದೆಷ್ಟು, ಬಿಟ್ಟಿದ್ದೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಡಾಕ್ಟರಿಗೆ ತೋರಿಸಲಿ.

ಆರೈಕೆ ಮಾಡುವವರಿಗೂ ಅಲ್ಲಿ ಐದು ಗುಣಗಳಿವೆ. ಮಲ ಮೂತ್ರ, ಉಗುಳು, ವಾಂತಿಗೆ ಹೇಸದಿರುವುದು ಒಂದು, ಅದನ್ನು ಆ ಮಗ ದಿನವೂ ಮಾಡುತ್ತಿದ್ದಾನೆ. ಧಮ್ಮದ ಮಾತಿನಿಂದ ರೋಗಿಯ ಮನಸ್ಸು ಅರಳಿಸುವುದು ಇನ್ನೊಂದು, ಅದು ನಮ್ಮ ಪಾಲಿನದು. ನೋಡಲು ಹೋಗುವವರು ಹತ್ತು ನಿಮಿಷ ಕೂತು ಬನ್ನಿ. ಬೇರೆಯವರ ಕ್ಯಾನ್ಸರಿನ ಕಥೆ ಬೇಡ, ಇನ್ನೊಂದು ತುತ್ತು ಎಂಬ ಒತ್ತಾಯ ಬೇಡ. ಕಿತ್ತಳೆ, ಮೂಸಂಬಿ ಒಯ್ಯಬೇಡಿ, ಹುಣ್ಣಿಗೆ ಉರಿಯುತ್ತದೆ. ಹುರಿಹಿಟ್ಟು ಮಾಡಿಕೊಟ್ಟರೆ ಮಗನಿಗೆ ಒಂದು ಕೆಲಸ ಕಡಿಮೆಯಾಗುತ್ತದೆ.