ವಲಸೆ ಬಂದ ತಾಯಿಯ ಕಥೆಯನ್ನು ಮಕ್ಕಳಿಗೆ ಹೇಳೋಣ



ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಚಳಿಗಾಲ ಕಾಲಿಡುತ್ತಲೇ ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತವೆ. ಆಗ ಮಹಾರಾಷ್ಟ್ರದ ಬೀಡ ಮುಂತಾದ ಬರದ ಜಿಲ್ಲೆಗಳಿಂದ ಕಬ್ಬು ಕಡಿಯುವವರ ಗ್ಯಾಂಗುಗಳು ಬಂದಿಳಿಯುತ್ತವೆ. ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಪಾತ್ರೆ, ಹಾಸಿಗೆ, ಕೋಳಿ, ಆಡು; ಅವುಗಳ ನಡುವೆ ಕೂಸನ್ನು ಎದೆಗವಚಿಕೊಂಡ ತಾಯಂದಿರು. ನಾಲ್ಕೈದು ತಿಂಗಳು ನಮ್ಮ ಊರ ಹೊರಗೆ ಜೋಪಡಿ ಹಾಕಿಕೊಂಡು ಇರುತ್ತಾರೆ. ಬೇಸಿಗೆ ಬಂತೆಂದರೆ ಹೊರಟುಹೋಗುತ್ತಾರೆ. ಅವರಲ್ಲಿ ಒಬ್ಬಳ ಹೆಸರನ್ನಾದರೂ ನಾವು ಕೇಳಿದ್ದೇವೆಯೇ?

ಒಂದು ದಿನ ನಾನು ಮದ್ರಸಾದಲ್ಲಿ ಚಿಕ್ಕ ಮಕ್ಕಳಿಗೆ ಝಮ್‌ಝಮ್ ನೀರಿನ ಪಾಠ ಮಾಡುತ್ತಿದ್ದೆ. ಅದೇ ಹೊತ್ತಿಗೆ ಅಂತಹ ಒಬ್ಬ ತಾಯಿ ಎರಡು ಕೊಡ ಹಿಡಿದು ಅಂಗಳದ ನಳದ ಬಳಿ ಬಂದಳು. ಮಕ್ಕಳಲ್ಲಿ ಕೆಲವರು ಮೂಗು ಮುಚ್ಚಿಕೊಂಡು ನಕ್ಕರು. ಆಕೆ ತಲೆ ತಗ್ಗಿಸಿ, ಒಂದೇ ಕೊಡ ತುಂಬಿಸಿಕೊಂಡು, ಇನ್ನೊಂದನ್ನು ಖಾಲಿಯಾಗಿಯೇ ಒಯ್ದಳು. ನಾನು ಮಕ್ಕಳನ್ನು ಗದರಿಸಿದೆ. ಆದರೆ ಆಕೆಯನ್ನು ಕರೆದು, ಎರಡನೇ ಕೊಡವನ್ನೂ ತುಂಬಿಕೊಳ್ಳಮ್ಮಾ ಎಂದು ಹೇಳಲು ನನಗೆ ತೋಚಲಿಲ್ಲ. ಆಗ ಏಳು ವರ್ಷದ ಹುಡುಗಿಯೊಬ್ಬಳು ಕೇಳಿದಳು:

"ಆಪಾ, ಅವರಿಗೆ ಮನಿ ಇಲ್ಲೇನ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಝಮ್‌ಝಮ್‌ನ ಪಾಠ ಹೇಳುತ್ತಿದ್ದವಳು ನಾನೇ. ನೀರು ಕೇಳಿ ಬಂದವಳನ್ನು ಅರ್ಧ ನೀರಿನೊಂದಿಗೆ ಕಳಿಸಿದವಳೂ ನಾನೇ. ಈ ಲೇಖನ ಆ ಹುಡುಗಿಯ ಪ್ರಶ್ನೆಯಿಂದ ಹುಟ್ಟಿದ್ದು.

ಬೀಬಿ ಹಾಜಿರಾ ಯಾರು?

ನಾವು ಮಕ್ಕಳಿಗೆ ಹಾಜಿರಾ(ಅ)ರ ಕಥೆ ಹೇಳುವಾಗ ಪವಾಡದ ನೀರಿನ ಬಗ್ಗೆ ಹೇಳುತ್ತೇವೆ. ಆದರೆ ಅವರು ವಲಸೆ ಬಂದ ಸ್ತ್ರೀ ಎಂಬುದನ್ನು ಹೇಳಲು ಮರೆಯುತ್ತೇವೆ. ಅವರ ಮೂಲ ಈಜಿಪ್ಟ್. ಅಲ್ಲಾಹನ ಆಜ್ಞೆಯಂತೆ ಪ್ರವಾದಿ ಇಬ್ರಾಹೀಮ್(ಅ) ಅವರನ್ನೂ ಹಸುಗೂಸು ಇಸ್ಮಾಈಲ್(ಅ)ರನ್ನೂ ಬೆಳೆಯಿಲ್ಲದ ಕಣಿವೆಯಲ್ಲಿ ಬಿಟ್ಟುಹೋದರು. ಜೊತೆಗಿದ್ದದ್ದು ಒಂದು ಚೀಲ ಖರ್ಜೂರ, ಒಂದು ತೊಗಲಿನ ಚೀಲದಲ್ಲಿ ನೀರು. ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿ ಬುಖಾರಿಯಲ್ಲಿ ದಾಖಲಾಗಿರುವ ದೀರ್ಘ ಹದೀಸ್‌ನಲ್ಲಿ ಇದರ ವಿವರವಿದೆ. ಇದು ಅಲ್ಲಾಹನ ಆಜ್ಞೆಯೇ ಎಂದು ಹಾಜಿರಾ ಪತಿಯನ್ನು ಕೇಳುತ್ತಾರೆ. ಹೌದೆಂಬ ಉತ್ತರ ಸಿಕ್ಕಾಗ, ಹಾಗಿದ್ದರೆ ಅವನು ನಮ್ಮನ್ನು ಕೈಬಿಡಲಾರನು ಎಂಬ ಭರವಸೆಯಿಂದ ಹಿಂದಿರುಗುತ್ತಾರೆ.

ಆದರೆ ಭರವಸೆ ಇಟ್ಟು ಅವರು ಕೈಕಟ್ಟಿ ಕೂರಲಿಲ್ಲ. ನೀರು ಮುಗಿದು ಮಗು ಬಾಯಾರಿ ಹೊರಳಾಡಿದಾಗ ಸಫಾದಿಂದ ಮರ್ವಾಗೆ, ಮರ್ವಾದಿಂದ ಸಫಾಗೆ ಏಳು ಬಾರಿ ನಡೆದರು, ಓಡಿದರು. ಇಂದು ಹಾಜಿಗಳೆಲ್ಲ, ಅರಸನಿರಲಿ ಆಳಿರಲಿ, ಆ ತಾಯಿಯ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡಬೇಕು. ಪರವೂರಿನ ಒಂಟಿ ಹೆಣ್ಣೊಬ್ಬಳ ದುಡಿಮೆಯನ್ನು ಅಲ್ಲಾಹನು ಆರಾಧನೆಯ ಭಾಗವನ್ನಾಗಿ ಮಾಡಿದನು.

ಅದೇ ಹದೀಸ್‌ನಲ್ಲಿ ಇನ್ನೊಂದು ಮಾತಿದೆ. ನೀರಿನ ಮೇಲೆ ಸುತ್ತುವ ಹಕ್ಕಿಯನ್ನು ಕಂಡು ಜುರ್‌ಹುಮ್ ಗೋತ್ರದವರು ಬಂದರು. ಇಲ್ಲಿ ನೆಲೆಸಬಹುದೇ ಎಂದು ಅವರು ಹಾಜಿರಾರ ಅನುಮತಿ ಕೇಳಿದರು. ನೆಲೆಸಬಹುದು, ಆದರೆ ನೀರಿನ ಮೇಲೆ ನಿಮಗೆ ಹಕ್ಕಿರುವುದಿಲ್ಲ ಎಂದು ಅವರು ಷರತ್ತು ಹಾಕಿದರು. ಗೋತ್ರದವರು ಒಪ್ಪಿದರು. ಬಲಿಷ್ಠ ಗುಂಪೊಂದು ಒಬ್ಬಂಟಿ ವಲಸಿಗಳ ಮುಂದೆ ನಿಂತು ಅನುಮತಿ ಕೇಳಿತೆಂಬುದನ್ನು ನಮ್ಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬಿಡಿಸಿ ಹೇಳಬೇಕು.

ಎರಡು ಚಿತ್ರಪುಸ್ತಕಗಳು

ಮಕ್ಕಳಿಗೆ ಉಪದೇಶಕ್ಕಿಂತ ಕಥೆ ಬೇಗ ನಾಟುತ್ತದೆ. ಕಥೆಯೊಂದಿಗೆ ಚಿತ್ರವಿದ್ದರೆ ಇನ್ನೂ ಬೇಗ. ಚೆನ್ನೈಯ ತಾರಾ ಬುಕ್ಸ್ 2012ರಲ್ಲಿ 'ಡ್ರಾಯಿಂಗ್ ಫ್ರಂ ದ ಸಿಟಿ' ಎಂಬ ಚಿತ್ರಪುಸ್ತಕವನ್ನು ಹೊರತಂದಿತು. ಅದು ತೇಜು ಬೆಹನ್ ಎಂಬ ಮಹಿಳೆಯ ಸ್ವಂತ ಬದುಕು. ರಾಜಸ್ಥಾನದ ಹಳ್ಳಿಯಲ್ಲಿ ಬಡತನದಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ನಗರಕ್ಕೆ ಬಂದು, ಗಂಡ ಗಣೇಶ ಜೋಗಿಯೊಂದಿಗೆ ಹಾಡಿ ಜೀವಿಸಿದವರು ಅವರು. ಅಹಮದಾಬಾದಿನ ಕಲಾವಿದ ಹಕು ಶಾಹ ಅವರ ಪ್ರೋತ್ಸಾಹದಿಂದ ಮೊದಲ ಬಾರಿಗೆ ಕೈಯಲ್ಲಿ ಲೇಖನಿ ಹಿಡಿದು ಚಿತ್ರ ಬಿಡಿಸಿದರು. ಪುಸ್ತಕದ ತುಂಬ ಬರೀ ಕಪ್ಪು ಗೆರೆ, ಕಪ್ಪು ಚುಕ್ಕೆ. ಕೊನೆಕೊನೆಗೆ ಅವರು ಬಿಡಿಸಿದ ಹೆಂಗಸರು ಕಾರು ಓಡಿಸುತ್ತಾರೆ, ವಿಮಾನದಲ್ಲಿ ಹಾರುತ್ತಾರೆ. ಹೆದ್ದಾರಿಯ ಅಂಚಿನಲ್ಲಿ ನಾವು ಕಾಣುವ ಡೇರೆಯೊಳಗೆ ಇಂತಹ ಕನಸೂ ಇರಬಹುದೆಂದು ಮಗುವಿಗೆ ತಿಳಿಯುತ್ತದೆ.

ಇನ್ನೊಂದು, 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಯೂಯಿ ಮೊರಾಲೆಸ್ ಅವರ 'ಡ್ರೀಮರ್ಸ್'. 1994ರಲ್ಲಿ ಪುಟ್ಟ ಮಗುವಿನೊಂದಿಗೆ ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದ ಲೇಖಕಿಯ ಕಥೆ. ಅಲ್ಲಿಯ ಭಾಷೆ ಬಾರದು, ರೀತಿನೀತಿ ಗೊತ್ತಿಲ್ಲ. ಸಾರ್ವಜನಿಕ ಕಾರಂಜಿಯ ನೀರಿನಲ್ಲಿ ಮಗು ಆಡಿದ್ದಕ್ಕೆ ಪೊಲೀಸನಿಂದ ಬೈಗುಳ. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ಗ್ರಂಥಾಲಯವೊಂದು ತಾಯಿ-ಮಗುವಿಗೆ ಬಾಗಿಲು ತೆರೆಯುತ್ತದೆ. ಚಿತ್ರಪುಸ್ತಕಗಳನ್ನು ನೋಡುತ್ತಲೇ ಆ ತಾಯಿ ಹೊಸ ಭಾಷೆ ಕಲಿತು, ತಾನೇ ಪುಸ್ತಕ ಬರೆಯುತ್ತಾಳೆ. ಬೈದವನೂ ಊರಿನವನೇ, ಬಾಗಿಲು ತೆರೆದವರೂ ಊರಿನವರೇ. ನಾವು ಇವರಲ್ಲಿ ಯಾರಾಗಬೇಕು? ಮಕ್ಕಳು ಉತ್ತರ ಹೇಳಲು ತಡಮಾಡುವುದಿಲ್ಲ.

ಚಿತ್ರದ ಬಗ್ಗೆ ಒಂದು ಮಾತು

ಚಿತ್ರಪುಸ್ತಕ ನಮ್ಮ ಮನೆಗೆ ಸರಿಯೇ ಎಂದು ಕೆಲವು ಹಿರಿಯರು ಕೇಳುವರು. ಪ್ರಶ್ನೆ ಅಲಕ್ಷಿಸತಕ್ಕದ್ದಲ್ಲ. ಜೀವಿಗಳ ಚಿತ್ರದ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಆಯಿಶಾ(ರ) ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನು ಪ್ರವಾದಿ(ಸ) ತಡೆಯಲಿಲ್ಲವೆಂದು ಹದೀಸ್‌ಗಳಲ್ಲಿದೆ. ಇದನ್ನು ಆಧರಿಸಿ ಮಕ್ಕಳ ಕಲಿಕೆಗೆ ವಿನಾಯಿತಿ ನೀಡಿದ ವಿದ್ವಾಂಸರಿದ್ದಾರೆ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಮನೆ, ಕೊಡ, ಒಲೆ, ಗಿಡಗಳನ್ನು ಮಾತ್ರ ಬಿಡಿಸಿಯೂ ಕಥೆ ಹೇಳಬಹುದು. ನಮ್ಮ ತರಗತಿಯಲ್ಲಿ ನಾವು ಮಾಡಿದ್ದೂ ಅದನ್ನೇ.

ನಮ್ಮ ಹೊಲದ ತಾಯಿ

ನಮ್ಮ ಸೀಮೆಯ ಸಕ್ಕರೆಯ ಇತಿಹಾಸ ಚಿಕ್ಕದಲ್ಲ. ಕೃಷ್ಣಾ ತೀರದ ಉಗಾರದ ಕಾರ್ಖಾನೆಯ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಇಂದು ಸುತ್ತಲೂ ಹಲವು ಕಾರ್ಖಾನೆಗಳಿವೆ. ಆ ಸಕ್ಕರೆಯನ್ನು ಹಾಕಿ ನಾವು ಈದ್‌ನ ಶೀರ್ ಖುರ್ಮಾ ಮಾಡುತ್ತೇವೆ. ಆದರೆ ಕಬ್ಬು ಕಡಿದವಳ ಲೆಕ್ಕ ಹೇಗಿದೆ ನೋಡಿರಿ. ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ'. ಕೊಯ್ತಾ ಎಂದರೆ ಕುಡಗೋಲು. ಮುಕಾದಮನು ಮುಂಗಡ ಹಣವನ್ನು ಸಾಮಾನ್ಯವಾಗಿ ಗಂಡನ ಕೈಗೆ ಕೊಡುತ್ತಾನೆ. ಅದು ತೀರುವವರೆಗೆ ಇಬ್ಬರೂ ದುಡಿಯಬೇಕು. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ದಿನವಿಡೀ ಕಬ್ಬಿನ ಹೊರೆ ಹೊತ್ತು, ರಾತ್ರಿ ಮತ್ತೆ ಒಲೆಯ ಮುಂದೆ ಕೂರುವ ಈ ಹೆಣ್ಣಿಗೆ ಲೆಕ್ಕದ ಪುಸ್ತಕದಲ್ಲಿ ಹೆಸರೇ ಇಲ್ಲ. ಅವಳು ಅರ್ಧ ಕುಡಗೋಲು ಮಾತ್ರ.

ಇದರ ಬೆಲೆ ಎಷ್ಟೆಂದು ಕೇಳುವಿರಾ? 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿಯ ವರದಿಯಂತೆ, ಬೀಡ ಜಿಲ್ಲೆಯಲ್ಲಿ ಸಮೀಕ್ಷೆಗೊಳಗಾದ 82,309 ಕಬ್ಬು ಕಡಿಯುವ ಮಹಿಳೆಯರಲ್ಲಿ 13,861 ಮಂದಿಗೆ ಗರ್ಭಕೋಶ ತೆಗೆಸಲಾಗಿತ್ತು. ಮುಟ್ಟಿನ ನೋವಿಗೆ ಒಂದು ದಿನ ರಜೆ ಮಾಡಿದರೂ ಕೂಲಿ ಹೋಗಿ ದಂಡ ಬೀಳುತ್ತದೆಂಬ ಭಯವೂ ಇದಕ್ಕೆ ಒಂದು ಕಾರಣವೆಂದು ಆಗ ಬೆಳಕಿಗೆ ಬಂತು. ಇದನ್ನು ಚಿಕ್ಕ ಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ಹೊಲವುಳ್ಳ ನಾವು ದೊಡ್ಡವರು ತಿಳಿದಿರಲೇಬೇಕು.

ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 36ನೇ ಸೂಕ್ತವು ಅಲ್ಲಾಹನ ಆರಾಧನೆಯ ಆಜ್ಞೆಯ ಜೊತೆಯಲ್ಲೇ ತಂದೆತಾಯಿ, ಬಂಧುಗಳು, ಅನಾಥರು, ಬಡವರು, ಹತ್ತಿರದ ನೆರೆಯವರು, ಅಪರಿಚಿತ ನೆರೆಯವರು, ದಾರಿಹೋಕರು ಇವರೆಲ್ಲರೊಡನೆ ಒಳ್ಳೆಯ ರೀತಿಯಲ್ಲಿ ವರ್ತಿಸಲು ಆದೇಶಿಸುತ್ತದೆ. ನಾಲ್ಕು ತಿಂಗಳು ನಮ್ಮ ಬದುವಿನ ಮೇಲೆ ವಾಸಿಸುವವಳು ನೆರೆಯವಳಲ್ಲದೆ ಮತ್ತೇನು? ಅವಳ ಧರ್ಮ, ಜಾತಿ, ಭಾಷೆ ಯಾವುದೆಂದು ಆ ಸೂಕ್ತ ಕೇಳುವುದಿಲ್ಲ. ನಮ್ಮವರೂ ಇಚಲಕರಂಜಿಯ ಮಗ್ಗಗಳಿಗೆ, ಪುಣೆ-ಮುಂಬೈಗಳಿಗೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿ ಪರರ ನಳದ ಮುಂದೆ ನಿಂತವರೇ ಅಲ್ಲವೇ?

ಮನೆಯಲ್ಲೊಂದು ಪುಸ್ತಕ

ಮರುದಿನ ನಾನು ಆ ತಾಯಿಯ ಜೋಪಡಿಗೆ ಹೋಗಿ ಕ್ಷಮೆ ಕೇಳಿದೆ. ನನ್ನ ಹರಕುಮುರುಕು ಮರಾಠಿಗೆ ಆಕೆ ನಕ್ಕಳು. ಸಂಜೆ ಬಿಡುವಾದಾಗ ತನ್ನ ಕಥೆ ಹೇಳಿದಳು. ಮಕ್ಕಳಿಗೆ ಹೇಳಬಹುದೇ ಎಂದು ಕೇಳಿದಾಗ ಒಪ್ಪಿದಳು. ಅದನ್ನು ಕೇಳಿ ಮಕ್ಕಳು ಎಂಟು ಪುಟದ ಪುಸ್ತಕ ಮಾಡಿದರು. ನೀವೂ ಮಾಡಬಹುದು. ಮೂರು ನಿಯಮಗಳನ್ನು ಮರೆಯದಿರಿ.

1. ಮೊದಲು ನೀರು ಕೊಡಿರಿ, ನಂತರ ಕಥೆ ಕೇಳಿರಿ. ದಣಿದವರನ್ನು ಮಾತಿಗೆಳೆಯುವುದು ಉಪಕಾರವಲ್ಲ.

2. ಹೆಸರು ಕೇಳಿರಿ, ಮಗುವಿನಿಂದಲೂ ಹೆಸರಿಡಿದು ಅಕ್ಕ, ಮೌಸಿ ಎಂದು ಕರೆಯಿಸಿರಿ. ಒಪ್ಪಿಗೆ ಇಲ್ಲದೆ ಅವರ ಕಷ್ಟವನ್ನು ನಾಲ್ವರ ಮುಂದೆ ಇಡಬೇಡಿರಿ.

3. ಪುಸ್ತಕ ಮುಗಿದ ಮೇಲೆ ಒಂದು ಕೆಲಸವಾದರೂ ಮಾಡಿರಿ. ನಳದ ನೀರು, ಹಳೆಯ ಸ್ವೆಟರ್, ಅವರ ಮಗುವಿಗೆ ಅಕ್ಷರ, ನಿಮ್ಮ ಹೊಲವಾದರೆ ತಡವಿಲ್ಲದ ಕೂಲಿ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಉಪದೇಶ ನಮಗೆಲ್ಲ ಬಾಯಿಪಾಠವಾಗಿದೆ. ಅದು ಕೈಗೂ ಬರಲಿ.

ನಮ್ಮ ಮಕ್ಕಳ ಪುಸ್ತಕದ ಮೊದಲ ಪುಟದಲ್ಲಿ ಎರಡು ಕೋಣೆಯ ಮನೆ ಇದೆ. ಬಾಗಿಲ ಮುಂದೆ ಬೇವಿನ ಗಿಡ, ಪಕ್ಕದಲ್ಲಿ ಬತ್ತಿದ ಬಾವಿ. ಆ ಮನೆಯಲ್ಲಿ ಆಕೆಯ ಅತ್ತೆ ಇದ್ದಾರೆ. ಅಜ್ಜಿಯ ಬಳಿ ಇದ್ದು ಶಾಲೆಗೆ ಹೋಗುವ ಹಿರಿಯ ಮಗಳಿದ್ದಾಳೆ. ಅದನ್ನು ಬಿಡಿಸಿದವಳು ಅಂದು ಪ್ರಶ್ನೆ ಕೇಳಿದ ಹುಡುಗಿಯೇ. ಕೊನೆಯ ಪುಟದಲ್ಲಿ ಎರಡು ಕೊಡಗಳಿವೆ. ಎರಡೂ ತುಂಬಿವೆ.

ಪುಸ್ತಕ ನೋಡಿ ಆ ತಾಯಿ ಬಹಳ ಹೊತ್ತು ಮೊದಲ ಪುಟವನ್ನೇ ಹಿಡಿದು ಕುಳಿತಳು. ಹುಡುಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಮನಿ ಐತಿ ಆಪಾ. ನೀರಿಲ್ಲ, ಅದಕ್ಕ ಬಂದಾರ."

ಹಾಜಿರಾರ ಓಟವನ್ನು ಆರಾಧನೆಯಾಗಿ ಸ್ವೀಕರಿಸಿದ ಅಲ್ಲಾಹನು, ನಮ್ಮೂರ ಹೊಲಗಳಲ್ಲಿ ಓಡಾಡುವ ತಾಯಂದಿರ ಹಕ್ಕನ್ನು ಅರಿತು ನಡೆಯುವ ಸೌಭಾಗ್ಯವನ್ನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.